ಗಾಳಿ ಯಾವ ಕಡೆಯಿಂದ

ಪಾತ್ರ ಕಟ್ಟಿಕೊಂಡು ಆಡುವ ಸಾಹಸದಾಟವನ್ನು ಹೊಸೂರಿನಲ್ಲಿ ನನ್ನಷ್ಟು ಚೆನ್ನಾಗಿ ನಡೆಸುವವರಿಲ್ಲ. ಕಥೆ ಹೇಳುವವನು ನಾನು. ಉಳಿದವರು ವೀರನೋ ಮಾಂತ್ರಿಕನೋ ಆಗಿ ಅದರೊಳಗೆ ಇಳಿಯುತ್ತಾರೆ, ಗೆದ್ದರೋ ಸೋತರೋ ಅನ್ನುವುದನ್ನು ದಾಳ ಹೇಳುತ್ತದೆ.

ಶಾಲೆಯ ಕೆಲಸಕ್ಕೆ ಅಂಚೆಟ್ಟಿಗೆ ಹೋಗಿದ್ದಾಗ ವಾಪಸು ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಜೊತೆಗಿದ್ದ ಇಬ್ಬರು ಮೇಷ್ಟರನ್ನು ಕೂರಿಸಿಕೊಂಡು ನಿಲ್ದಾಣದಲ್ಲೇ ಆಟ ಹೂಡಿದೆ. ಪಕ್ಕದಲ್ಲಿ ರಾಗಿ ಮೂಟೆಗೆ ಒರಗಿ ಕೂತಿದ್ದ ರೈತರೊಬ್ಬರು ನೋಡೀ ನೋಡೀ, "ನನ್ನೂ ಸೇರಿಸ್ಕಳಿ ಸಾರ್" ಅಂದರು.

"ಏನಾಗ್ತೀರಿ? ವೀರನಾ, ಮಾಂತ್ರಿಕನಾ, ಕಳ್ಳನಾ?"

"ನಾನೇ ಆಯ್ತೀನಿ. ಮಂಡಿನೋವು ಮಾತ್ರ ಇಲ್ದಂಗೆ ಬರ್ಕಳಿ."

ಬರೆದುಕೊಂಡೆ. ಒಂದು ವಾರ ಕೂತು ಕಟ್ಟಿದ್ದ ಮೂರು ತಲೆಯ ಮೃಗವನ್ನು ಕಾಡುದಾರಿಗೆ ಅಡ್ಡ ನಿಲ್ಲಿಸಿದೆ. ಮೇಷ್ಟರಿಬ್ಬರೂ ಕತ್ತಿ ಹಿರಿದರು. ರೈತರು ಕೇಳಿದರು, "ಗಾಳಿ ಯಾವ ಕಡೆಯಿಂದ ಬತ್ತದೆ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. "ಮೃಗದ ಕಡೆಯಿಂದ" ಅಂದುಬಿಟ್ಟೆ.

"ಹಂಗಾರೆ ಅದ್ಕೆ ನಮ್ ವಾಸ್ನೆ ಸಿಕ್ಕಿಲ್ಲ. ಪೊದೆ ಹಿಂದೆ ಸುಮ್ಕೆ ಕೂತ್ಕಳಿ. ಆನೆ ಬಂದ್ರೂ ನಾವು ಇಷ್ಟೇ ಮಾಡಾದು. ದಾರಿ ಅದ್ರುದು, ಅದಾಗೇ ಹೋಯ್ತದೆ."

"ಹಾಗಾದರೆ ದಾಳ ಹಾಕಿ."

"ದಾಳ ಯಾಕೆ ಸಾರ್? ನಾವೇನೂ ಮಾಡ್ತಾ ಇಲ್ವಲ್ಲ."

ನಿಯಮದ ಪ್ರಕಾರ ಅವರ ಮಾತು ಸರಿ. ಮೇಷ್ಟರೂ ಕತ್ತಿ ಒಳಗಿಟ್ಟು ಕೂತರು. ಬಸ್ಸು ಬರುವಷ್ಟರಲ್ಲಿ ನನ್ನ ಮೃಗಕ್ಕೇ ನಿಂತು ನಿಂತು ಬೇಜಾರಾಗಿ ಹೊರಟುಹೋಯಿತು.

ಈಗಲೂ ಹೇಳುತ್ತೇನೆ, ಹೊಸೂರಿನಲ್ಲಿ ನನ್ನಷ್ಟು ಚೆನ್ನಾಗಿ ಆಟ ನಡೆಸುವವರಿಲ್ಲ. ಅಂಚೆಟ್ಟಿಯ ಮಾತು ಬೇರೆ.