ನಾಗರಕಲ್ಲಿನ ಮೇಲಿನ ಜೋಡಿ

ಗೊಟ್ಟಿಗೆರೆ ಬಸ್ ಸ್ಟಾಪಿನ ಪಕ್ಕದ ಅರಳಿಕಟ್ಟೆ, ಸುಡುವ ಮಧ್ಯಾಹ್ನ. ನಾಗರಕಲ್ಲಿನ ಹೆಡೆಯ ಮೇಲೆ ಎರಡು ದರೋಡೆ ನೊಣಗಳು ಒಂದರ ಮೇಲೊಂದು ಕೂತಿದ್ದವು. ಹಾರುವ ಹುಳುಗಳನ್ನು ಗಾಳಿಯಲ್ಲೇ ಹಿಡಿದು ಒಳಗಿನ ರಸ ಹೀರುವ, ಮುಖದ ತುಂಬ ಗಡ್ಡವಿರುವ ನೊಣ ಇದು. ಯಾವ ಪ್ರಭೇದವೆಂದು ಹೇಳಲು ಗಂಡಿನ ಬಾಲದ ತುದಿ ನೋಡಬೇಕು. ಬೆಳಗಿನಿಂದ ಈ ನೊಣವನ್ನೇ ಹುಡುಕುತ್ತಾ ಬಂದ ದಾರಿಯುದ್ದಕ್ಕೂ ನನಗೆ ಸಿಕ್ಕಿದ್ದೆಲ್ಲ ಹೆಣ್ಣು ನೊಣಗಳೇ. ಉಸಿರು ಬಿಗಿಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದೆ.

ಕಲ್ಲಿಗೆ ಹಾಲೆರೆಯಲು ಬಂದ ಹೆಂಗಸೊಬ್ಬರು ಚೊಂಬು ಹಿಡಿದುಕೊಂಡೇ ನಿಂತರು. ಜೊತೆಗೆ ಹೊಸದಾಗಿ ಮದುವೆಯಾದ ಮಗಳು, ಕೈತುಂಬ ಹಸಿರು ಬಳೆ.

"ಏನ್ ಸಾರ್ ಅದು?"

"ಜೋಡಿ ಆಂಟಿ. ಗಂಡು ಹೆಣ್ಣು."

"ನಾಗಪ್ಪನ ತಲೆ ಮೇಲೇ ಕೂತೈತಲ್ಲ, ಒಳ್ಳೇದಾಯ್ತು. ಕೈ ಮುಗಿಯೇ," ಎಂದು ಮಗಳಿಗೆ ಹೇಳಿ, ನೊಣಗಳಿಗೆ ತಾಗದಂತೆ ಕಲ್ಲಿನ ಬುಡಕ್ಕೆ ಹಾಲೆರೆದರು. ಮಗಳು ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು.

ಅಷ್ಟರಲ್ಲಿ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಈ ನೊಣಗಳು ಕೂಡುವಾಗ ಬಾಲಕ್ಕೆ ಬಾಲ ಸೇರಿಸಿ ಒಂದೊಂದು ದಿಕ್ಕಿಗೆ ಮುಖ ಮಾಡುತ್ತವೆ. ಇಲ್ಲಿ ಎರಡೂ ಒಂದೇ ಕಡೆ ತಿರುಗಿದ್ದವು. ಮೇಲಿದ್ದ ಹೆಣ್ಣಿನ ಸೂಜಿಯಂಥ ಬಾಯಿ ಕೆಳಗಿನ ಗಂಡಿನ ಕತ್ತಿನೊಳಗೆ ಇಳಿದಿತ್ತು. ಕಲ್ಲಿನತ್ತ ನೋಡಿದೆ. ಗಂಡಿನ ಕಾಲೊಂದು ಇನ್ನೂ ಅಲುಗುತ್ತಿತ್ತು. ಅದರ ಬಾಲದ ತುದಿಯಂತೂ ಫೋಟೋದಲ್ಲಿ ಸ್ಪಷ್ಟವಾಗಿ ಬಂದಿತ್ತು. ಹುಡುಕುತ್ತಿದ್ದ ಪ್ರಭೇದದ ಹೆಸರು ಸಿಕ್ಕಿತು.

ಮಗಳು ಕಣ್ಣು ತೆರೆದಳು.

"ಸಾರ್, ಆ ಫೋಟೋ ನಂಗೂ ಕಳಿಸ್ತೀರಾ? ನಮ್ಮನೆಯವ್ರಿಗೆ ತೋರಿಸ್ಬೇಕು."