ಸಾಹೇಬ್ರಿಗೆ ಫೋನ್ ಕೊಡು

ಮಿಲಿಟರಿಯಲ್ಲಿದ್ದೆ ಅಂದ ಕೂಡಲೇ ಜನ ಗುಂಡು, ಬಾಂಬು, ಗಡಿ ಅಂತ ಶುರು ಮಾಡುತ್ತಾರೆ. ನಾನು ಡ್ರೈವರ್ ಕಣ್ರೀ. ನಮ್ಮ ಪಲ್ಟನ್ನಿನ ದೊಡ್ಡ ಆಫೀಸರ್, ಕರ್ನಲ್ ಸಾಹೇಬರ ಗಾಡಿ ಓಡಿಸುತ್ತಿದ್ದವನು. ಅಷ್ಟು ವರ್ಷದಲ್ಲಿ ನನ್ನನ್ನು ಸುಸ್ತು ಮಾಡಿ ಕೂರಿಸಿದ್ದು ಒಂದೇ ಕೆಲಸ. ಊರಿಗೆ ಒಂದು ಮೆಸೇಜ್ ಬರೆಯುವುದು.

ನಮ್ಮದು ಮಿಡಿಗೇಶಿ. ಅವ್ವನ ತವರು ಪಾವಗಡದಿಂದ ಆಚೆ, ಅವಳ ಬಾಯಲ್ಲಿ ಅರ್ಧ ತೆಲುಗು. ಸಾಹೇಬರು ಅನಂತಪುರದ ಕಡೆಯವರು. ನಾವಿದ್ದ ಹಿಮದ ಗುಡ್ಡದ ಮೇಲೆ ಅವರ ಜೊತೆ ತೆಲುಗು ಆಡುವವರು ಬೇರೆ ಯಾರೂ ಇರಲಿಲ್ಲ. ನನ್ನ ತೆಲುಗು ಕೇಳಿದರೆ ನಗುತ್ತಿದ್ದರು. ಒಂದು ಭಾನುವಾರ ನಾನು ಅವ್ವನ ಜೊತೆ ಮಾತಾಡುತ್ತಿದ್ದಾಗ ಅವಳ ದನಿ ಕಿವಿಗೆ ಬಿದ್ದು, ಫೋನಿಗೆ ಕೈ ಚಾಚಿದರು.

ಆಮೇಲೆ ಪ್ರತಿ ಭಾನುವಾರ ಅದೇ, ಸ್ಪೀಕರ್ ಹಾಕಿಕೊಂಡು ಮಾತು. "ತಿನ್ನಾವಾ ನಾಯನಾ?" ಅನ್ನುತ್ತಿದ್ದಳು ಅವ್ವ. ಉಂಡೆಯೇನಪ್ಪಾ ಅಂತ. ಕರ್ನಲ್‌ಗೆ!

"ಅವ್ವೋ, ದೊಡ್ ಆಫೀಸರ್ ಕಣವ್ವ ಅವ್ರು. ಮರ್ಯಾದೆ ಕೊಟ್ಟು ಮಾತಾಡು" ಅಂದೆ.

"ಅದ್ಕೇನ್ಲಾ, ಆಫೀಸರ್‌ಗೆ ಹೊಟ್ಟೆ ಇರಕಿಲ್ವಾ?"

ಸಾಹೇಬರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ನಕ್ಕರು.

ಅಪ್ಪ ತೀರಿಕೊಂಡ ವರ್ಷ, ಕೆಲಸ ಬಿಟ್ಟು ಬಂದುಬಿಡು ಅಂತ ಅವ್ವ ಹಟ ಹಿಡಿದಳು. ಪೆನ್ಷನ್‌ಗೆ ನನ್ನ ಸರ್ವಿಸ್ ಇನ್ನೂ ಸಾಲದು. ಆಗಲೂ ಸಾಹೇಬರೇ ಫೋನ್ ತಗೊಂಡು, ನಿಮ್ಮ ಮಗನಿಗೆ ನಾನಿದ್ದೀನಮ್ಮಾ ಅಂದರು. ಅವ್ವ ಸುಮ್ಮನಾದಳು. ನನ್ನ ನೌಕರಿ ನಿಂತಿದ್ದು ಆ ಒಂದು ಮಾತಿನ ಮೇಲೆ.

ಆ ಸಾಹೇಬರು ಒಂದು ಬೆಳಿಗ್ಗೆ ಚಹಾ ಲೋಟ ಹಿಡಿದುಕೊಂಡೇ ಕುಸಿದರು. ಹಾರ್ಟ್ ಅಟ್ಯಾಕ್. ಮಂಜು ಕವಿದು ಹೆಲಿಕಾಪ್ಟರ್ ಬರಲಿಲ್ಲ. ಡಾಕ್ಟರ್ ಹಿಂದೆ ಕೂತು ಎದೆ ಒತ್ತುತ್ತಿದ್ದರು, ನಾನು ಓಡಿಸುತ್ತಿದ್ದೆ. ಆ ತಿರುವುಗಳಲ್ಲಿ ಜೋರಾಗಿ ಓಡಿಸಲೂ ಆಗುವುದಿಲ್ಲ. ಅರ್ಧ ದಾರಿಯಲ್ಲಿ ಡಾಕ್ಟರ್, "ಇನ್ನು ನಿಧಾನಕ್ಕೆ ಹೋಗು" ಅಂದರು. ಅಷ್ಟೇ.

ಸಲಾಮಿ ಆಯಿತು, ಪೆಟ್ಟಿಗೆ ವಿಮಾನ ಹತ್ತಿತು. ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ, ನಿದ್ದೆ ಬಂತು. ಬರೀ ನಿದ್ದೆ.

ಭಾನುವಾರ ಅವ್ವ ಕೇಳಿಯೇಬಿಟ್ಟಳು. "ಸಾಹೇಬ್ರಿಗೆ ಫೋನ್ ಕೊಡ್ಲಾ."

"ಮೀಟಿಂಗ್‌ನಾಗವ್ರೆ ಕಣವ್ವ."

ಮುಂದಿನ ವಾರ ಇನ್ನೊಂದು ಸುಳ್ಳು ಹೊಂದಿಸುವಷ್ಟು ತ್ರಾಣ ಉಳಿದಿರಲಿಲ್ಲ. ಬಾಯಿಬಿಟ್ಟು ಹೇಳಿದರೆ ಅವಳು ಬಂದುಬಿಡು ಅನ್ನುತ್ತಾಳೆ, ನಾನೂ ಹೂಂ ಅಂದುಬಿಡುತ್ತೇನೆ ಅನ್ನೋ ಭಯ. ಅದಕ್ಕೇ ತಂಗಿಯ ಫೋನಿಗೆ ಬರೆಯಲು ಕೂತೆ. ಬರೆದೆ, ಅಳಿಸಿದೆ. ಅವರಿಗೆ ನೋವಾಗಲಿಲ್ಲ ಅಂತ ಬರೆದೆ. ನನಗೇನು ಗೊತ್ತು? ಅದನ್ನೂ ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟು: "ಸಾಹೇಬರು ಹೋಗಿಬಿಟ್ಟರು. ಗಾಡಿ ನಾನೇ ಓಡಿಸಿದೆ. ಅವ್ವನಿಗೆ ಓದಿ ಹೇಳು."

ಸಂಜೆ ತಂಗಿಯೇ ಫೋನ್ ಮಾಡಿದಳು. "ಅಣ್ಣಾ, ಅವ್ವ ತಲೆ ಮೇಲೆ ನೀರು ಹುಯ್ಕೊಂಡು ಕುಂತವ್ಳೆ. ಒಲೆ ಹಚ್ಚಕೆ ಬುಡ್ತಿಲ್ಲ. ಪಕ್ಕದ್ಮನೆ ಅಜ್ಜಿ ಬಂದು ಯಾರ್ ಹೋದ್ರೇ ಅಂದ್ರೆ, ನಮ್ಮೋರು ಅಂತಾಳೆ."

ನಮ್ಮಲ್ಲಿ ಸಾವಿನ ನೀರು ಹುಯ್ದುಕೊಳ್ಳುವುದು ಸಂಬಂಧಿಕರು ಹೋದರೆ ಮಾತ್ರ. ಅವ್ವ ಅವರ ಮುಖವನ್ನೂ ನೋಡಿದವಳಲ್ಲ.

ಫೋನ್ ಅವ್ವನ ಕೈಗೆ ಹೋಯಿತು. ಬಂದುಬಿಡು ಅನ್ನುತ್ತಾಳೆ ಅಂತ ಕಾದೆ.

"ನಿನ್ ಜೊತೆ ಹುಡುಗ್ರು ಹೆಂಗವ್ರೆ?"

"ಹಂಗೇ ಅವ್ರೆ ಕಣವ್ವ. ಯಾರೂ ಸರಿಯಾಗಿ ಉಣ್ತಿಲ್ಲ."

ಅವ್ವ ಮೂಗು ಸೀಟಿಕೊಂಡ ಸದ್ದು.

"ಬಂದ್ಬುಡು ಅಂತ್ಲೇ ಹೇಳ್ಬೇಕು ಅಂತಿದ್ದೆ. ನೀನೂ ಬಂದ್ಬುಟ್ರೆ ಆ ಹುಡುಗ್ರನ್ನ ಉಂಡ್ರಾ ಅಂತ ಯಾರ್ಲಾ ಕೇಳ್ತಾರೆ? ಹೊಸ ಸಾಹೇಬ್ರಿಗೆ ತೆಲುಗು ಬತ್ತದಾ?"

"ಇಲ್ಲ ಕಣವ್ವ. ಪಂಜಾಬಿನೋರು."

"ಹೋಗ್ಲಿ ಬುಡು. ಮುಖ ತೊಳ್ಕಂಡು ಉಣ್ಣೋಗು."

ಮೆಸ್ಸಿಗೆ ಹೋದೆ. ದಾಲ್ ಆರಿ ಕೆನೆಗಟ್ಟಿತ್ತು. ಮೂಲೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದವನೊಬ್ಬನ ಪಕ್ಕ ಕೂತು, ಹಿಂದಿಯಲ್ಲಿ, ತಿನ್ನೋ ಅಂದೆ. ನಾನೂ ತಿಂದೆ.