ಮೊದಲ ಬಲೆಯ ಪ್ರಸ್ತಾವ

ಅಮದಳ್ಳಿಯ ಮೀನುಗಾರರ ಕೇರಿಯಲ್ಲಿ ಬಿ.ಎ. ಪಾಸು ಮಾಡಿದ ಮೊದಲಿಗ ತುಳಸಿದಾಸ. ಅದಾದ ಮೇಲೆ ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮೂವತ್ತಾರನೆಯ ಇಸವಿಯಲ್ಲಿ ಮುಂಬಯಿಯ ಪ್ರೊಫೆಸರೊಬ್ಬರು ಆಸೆ ಹಚ್ಚಿದ್ದರು: ಒಂದೇ ಊರಿನ ಒಂದೇ ಪದ್ಧತಿಯನ್ನು ಬುಡಮಟ್ಟದಿಂದ ಅಭ್ಯಾಸ ಮಾಡುವ ಪ್ರಸ್ತಾವ ಬರೆದು ತಾ, ಒಪ್ಪಿಗೆಯಾದರೆ ವಿದ್ಯಾರ್ಥಿವೇತನ. ಇಲ್ಲದಿದ್ದರೆ ಅಪ್ಪನ ಜೊತೆ ಬಲೆ ಎಳೆಯುವುದೇ ಗತಿ. ತುಳಸಿದಾಸನಿಗೆ ಅದು ಸುತರಾಂ ಬೇಡವಾಗಿತ್ತು.

ಪದ್ಧತಿ ಮನೆಯಲ್ಲೇ ಸಿಕ್ಕಿತು. ಆ ದಂಡೆಯಲ್ಲಿ, ಹತ್ತಾರು ಜನ ಮರಳ ಮೇಲೆ ನಿಂತು ಎಳೆಯುವ ರಂಪಣಿ ಬಲೆಯ ಗುಂಪುಗಳು ಎರಡು. ಬಡಗಣ ಗುಂಪಿಗೆ ಅವನಪ್ಪ ಹರಿಶ್ಚಂದ್ರ ಹಿರಿಯ, ತೆಂಕಣ ಗುಂಪಿಗೆ ದೇವಾನಂದ. ಹಿಂದಿನ ವರ್ಷ ಸಮುದ್ರ ಯಾರ ಗುಂಪಿನವನನ್ನು ನುಂಗಿತೋ, ಮಳೆಗಾಲ ಕಳೆದ ಮೇಲಿನ ಮೊದಲ ಬಲೆ ಆ ಗುಂಪಿನದು. ಸತ್ತವನ ಪಾಲಿನ ಮೀನು ಅವನ ಹೆಂಡತಿಯ ಬುಟ್ಟಿಗೆ.

ಈ ಸಲ ಸತ್ತವನು ತುಳಸಿದಾಸನ ಅಕ್ಕ ಮಂಗಲಾಳ ಗಂಡ ನಾಗು. ಅವನು ದೇವಾನಂದನ ಅಣ್ಣನ ಮಗ. ಮದುವೆಯಾದ ಮೇಲೆ ಮಾವ ಹರಿಶ್ಚಂದ್ರನ ದೋಣಿ ಹತ್ತಿದವನು, ಆ ದೋಣಿ ಮಗುಚಿಯೇ ಸತ್ತ. ಎರಡೂ ಗುಂಪಿಗೆ ಅವನು ತಮ್ಮವನೇ. ಹಿರಿಯರಿಬ್ಬರು ಹೆಚ್ಚು ಮಾತಿಲ್ಲದೆ ದಾರಿ ಕಂಡುಕೊಂಡಿದ್ದರು: ಈ ವರ್ಷ ಎರಡೂ ಬಲೆ ಒಟ್ಟಿಗೆ ಬೀಳಲಿ. ಮಂಗಲಾಳ ಬುಟ್ಟಿಗೆ ಎರಡೂ ಕಡೆಯಿಂದ ಮೀನು ಬೀಳಲಿತ್ತು. ಹಕ್ಕು ಯಾರದೆಂದು ಬಾಯಿಬಿಟ್ಟು ಯಾರೂ ಕೇಳಿರಲಿಲ್ಲ.

ಕೇಳಿದವನು ನಮ್ಮ ಪದವೀಧರ. ಪ್ರಸ್ತಾವಕ್ಕೆ ಒಂದು ಖಚಿತ ಪ್ರಶ್ನೆ ಇರಬೇಕು, ಅದನ್ನು ಊರವರ ಎದುರು ಓದಿ ಒಪ್ಪಿಗೆ ಪಡೆಯಬೇಕು ಎಂದಿದ್ದರಂತೆ ಪ್ರೊಫೆಸರರು. ಮೊದಲ ಬಲೆಯ ದಿನ ಎರಡೂ ಗುಂಪು ದಂಡೆಗೆ ಬಂದಾಗ, ಈ ಜಾಣ ಮರಳಿನ ಮೇಲೆ ನಿಂತು ಗಟ್ಟಿಯಾಗಿ ಓದಿದ: "ಮೃತ ನಾಗು ಯಾವ ಗುಂಪಿನವನು? ಮೊದಲ ಬಲೆಯ ಹಕ್ಕು ನ್ಯಾಯವಾಗಿ ಯಾರದು?"

"ನಮ್ಮಂವ," ಎಂದ ದೇವಾನಂದ. "ನಮ್ಮ ರಕ್ತ."

"ರಕ್ತ ನಿಮ್ದಾದ್ರೆ ಅನ್ನ ಯಾರದೋ? ಸತ್ತದ್ದು ನನ್ನ ದೋಣಿಲಿ," ಎಂದ ಹರಿಶ್ಚಂದ್ರ.

"ಹಂಗಾರೆ ಕೊಂದಂವ ನೀನೇ!"

ದೇವಾನಂದನ ಮಗ ಹುಲಿಯಾ ಬೀಸಿದ ದೋಣಿಯ ಹುಟ್ಟು ಹರಿಶ್ಚಂದ್ರನ ಎಡಗಣ್ಣಿಗೆ ಬಡಿಯಿತು. ಮುದುಕ ಕುಸಿಯುವ ಮೊದಲೇ ಬಡಗಣದವರ ಕತ್ತಿಗಳು ತೆಂಕಣದವರ ಬಲೆಗೆ ನುಗ್ಗಿದವು. ಹಗ್ಗ ಬಿಡದೆ ಹಿಡಿದುಕೊಂಡ ಹುಲಿಯಾನ ಎರಡು ಬೆರಳು ಹಗ್ಗದ ಜೊತೆಗೇ ತುಂಡಾಗಿ ಬಿದ್ದವು. ಒಬ್ಬನ ತಲೆಯನ್ನು ದೋಣಿಯ ಅಂಚಿಗೆ ಜಜ್ಜಿದರು. ಇನ್ನೊಬ್ಬನನ್ನು ನೀರಲ್ಲಿ ಮುಳುಗಿಸಿ ಬೆನ್ನ ಮೇಲೆ ಕೂತರು. ನಿನ್ನೆಯವರೆಗೆ ಒಂದೇ ಬೀಡಿ ಹಂಚಿಕೊಂಡು ಸೇದಿದವರು ಇವರೇ.

"ಇದು ಬರೀ ಪ್ರಸ್ತಾವ! ಬರೀ ಪ್ರಸ್ತಾವ!" ಎಂದು ತುಳಸಿದಾಸ ಅರಚಿದ. ದೇವಾನಂದ ಅವನ ಕುತ್ತಿಗೆ ಹಿಡಿದು ಕೆಡವಿ, ಕಾಗದವನ್ನು ಮರಳು ಸಮೇತ ಬಾಯಿಗೆ ತುರುಕಿದ. "ತಿನ್ನು. ನೀ ಬರ್ದದ್ದು ನೀನೇ ತಿನ್ನು."

ಜೀವ ಯಾರದೂ ಹೋಗಲಿಲ್ಲ. ಪೊಲೀಸರು ಬಂದಾಗ ಎರಡೂ ಕಡೆಯವರು ಬಾಯಿ ಬಿಡಲಿಲ್ಲ. ಹರಿಶ್ಚಂದ್ರ ಕಾರವಾರದ ಆಸ್ಪತ್ರೆಯಿಂದ ಒಕ್ಕಣ್ಣನಾಗಿ ಮರಳಿದ. ಬಲೆಗಳನ್ನು ಹೊಲಿದು ಮತ್ತೆ ಬೀಸಿದರು, ಬೇರೆ ಬೇರೆಯಾಗಿ. ಮಂಗಲಾ ಬುಟ್ಟಿ ಹಿಡಿದು ಹೋದಳು. ನಾಗುವನ್ನು ತಮ್ಮವನೆಂದರೆ ಆ ಹೊಡೆದಾಟವೂ ತಮ್ಮ ತಲೆಗೇ ಬರುತ್ತದೆಂದು ಎರಡೂ ಗುಂಪಿಗೆ ಹೆದರಿಕೆ. ತೆಂಕಣದವರು ಅವನು ನಮ್ಮವನಲ್ಲ ಎಂದರು. ಬಡಗಣದವರೂ ಹಾಗೇ ಅಂದರು, ಅವಳ ಹೆತ್ತ ಅಪ್ಪನ ಎದುರಿಗೇ.

ಅವಳು ಖಾಲಿ ಬುಟ್ಟಿಯನ್ನು ತಮ್ಮನ ಮುಂದೆ ಇಟ್ಟಳು. "ಬರ್ಕೊ ತಮಾ. ಅಂವ ಯಾರವನೂ ಅಲ್ಲ ಅಂತೆ."

ತುಳಸಿದಾಸ ಮುಂಬಯಿಗೆ ಏನನ್ನೂ ಕಳಿಸಲಿಲ್ಲ. ಮರುದಿನ ಬೆಳಿಗ್ಗೆ ದಂಡೆಗೆ ಹೋಗಿ, ಅಪ್ಪನ ಗುಂಪಿನಲ್ಲಿ ನಾಗು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಹಗ್ಗ ಹಿಡಿದ. ತನ್ನ ಪಾಲಾದರೂ ಅಕ್ಕನ ಬುಟ್ಟಿಗೆ ಬೀಳಲಿ ಎಂಬುದು ಅವನ ಲೆಕ್ಕ. ಎಳೆಯುತ್ತಿದ್ದವರೆಲ್ಲ ಎಳೆಯುವುದನ್ನು ನಿಲ್ಲಿಸಿದರು. ಮೀನು ತುಂಬಿದ ಬಲೆ ನೀರಲ್ಲಿ ಹಾಗೇ ನಿಂತಿತು.

ಹರಿಶ್ಚಂದ್ರ ಉಳಿದ ಒಂದೇ ಕಣ್ಣಿನಿಂದ ಮಗನನ್ನು ನೋಡಿದ.

"ಕೈ ತೆಗಿ ಮಗಾ," ಎಂದ. "ನೀ ಮುಟ್ಟಿದ್ರೆ ಇವ್ರು ಎಳಿಯೂದಿಲ್ಲ."